ಬಂಡಿಗೆ ಇನ್ನೊಂದು ಜೋಡಿ ಎತ್ತು

ದೀಪಾವಳಿ ರಜೆಯ ಒಂದು ಬೆಳಿಗ್ಗೆ. ನಮ್ಮ ಮನೆಯ ಮುಂದೆ ಒಂದು ಮೋಟಾರ್ ಸೈಕಲ್ ಬಂದು ನಿಂತಿತು. ಅದರ ಸದ್ದಿನಿಂದಲೇ ಯಾವ ಗಾಡಿ ಎಂದು ಗೊತ್ತಾಯಿತು. ನನ್ನ ಪ್ರಾಯದ ಯಾರನ್ನು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ, ಅದು ಯಮಾಹಾ ಆರ್‌ಎಕ್ಸ್ 100. ಓಡಿಸಿಕೊಂಡು ಬಂದವನು ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗ. ಗಾಡಿ ಅವನಿಗಿಂತ ಹನ್ನೆರಡು ವರ್ಷ ಹಿರಿಯದು. ಹೊಲಕ್ಕೆ ಹೋಗಿ ಬರಲೆಂದು ಅವನ ತಂದೆ ಯಾರಿಂದಲೋ ಕೊಂಡದ್ದು.

"ಸರ್, ಒಂದ್ ಮಾತ್ ಕೇಳಬೇಕಿತ್ರಿ," ಎಂದ. "ಪಕ್ಕದ ಊರಾಗ ಒಬ್ಬ ಮೇಸ್ತ್ರಿ ಅದಾನ್ರಿ. ಬೋರ್ ದೊಡ್ಡದ ಮಾಡಿ, ಪೋರ್ಟ್ ಕೊರದು, ಸೈಲೆನ್ಸರ್ ಬದಲಿ ಮಾಡಿ ಕೊಡ್ತಾನಂತ್ರಿ. ಹನ್ನೊಂದ್ ಇದ್ದಿದ್ ಪವರ್ ಹದಿನಾರ್ ಆಗತೈತಂತ. ಹದಿನೈದ್ ಸಾವಿರ ಕೇಳ್ಯಾನ್ರಿ. ಮಾಡಸ್ಲೇನ್ರಿ?"

ಮಾಡಿಸಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಹಾಗೆ ಹೇಳಿಸಿಕೊಂಡ ಹುಡುಗರು ಏನು ಮಾಡುತ್ತಾರೆಂಬುದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಗೊತ್ತು. ಅಲ್ಲದೆ ಅವನ ಪ್ರಶ್ನೆಯಲ್ಲಿ ಹೈಸ್ಕೂಲಿನ ಭೌತಶಾಸ್ತ್ರ ಅರ್ಧಕ್ಕರ್ಧ ಅಡಗಿತ್ತು. ಆದ್ದರಿಂದ ಚಹಾ ತರಿಸಿ, ಒಂದು ಕಾಗದ ಮತ್ತು ಪೆನ್ಸಿಲ್ ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತೆವು. ಅಂದು ನಾವಿಬ್ಬರೂ ಹಾಕಿದ ಲೆಕ್ಕವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ವಿದ್ಯಾರ್ಥಿಗಳ ಜೊತೆ ಪಾಲಕರೂ ಓದಬೇಕೆಂದು ವಿನಂತಿ.

ಶಕ್ತಿ ಎಂದರೇನು?

ನಮ್ಮ ತೇರದಾಳ, ಜಮಖಂಡಿ, ಮುಧೋಳದ ಕಡೆ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನಡೆಯುವುದನ್ನು ನೀವು ನೋಡಿರಬಹುದು. ಭಾರದ ಬಂಡಿಗೆ ಎತ್ತು ಹೂಡುತ್ತಾರೆ. ನಿಗದಿತ ಸಮಯದೊಳಗೆ ಯಾರ ಎತ್ತು ಬಂಡಿಯನ್ನು ಹೆಚ್ಚು ದೂರ ಎಳೆಯಿತೋ ಅವರಿಗೆ ಬಹುಮಾನ. ಅಲ್ಲಿ ಟೇಪು ಹಿಡಿದು ನಿಂತ ಪಂಚರಿಗೆ ಗೊತ್ತಿರಲಿ ಬಿಡಲಿ, ಅವರು ಅಳೆಯುತ್ತಿರುವುದು ಶಕ್ತಿಯನ್ನು, ಅಂದರೆ 'ಪವರ್' ಅನ್ನು. ಎಳೆದ ಬಲ, ಸಾಗಿದ ದೂರ ಮತ್ತು ಹಿಡಿದ ಸಮಯ, ಈ ಮೂರೂ ಅದರಲ್ಲಿವೆ. ಬಲವನ್ನು ದೂರದಿಂದ ಗುಣಿಸಿ ಸಮಯದಿಂದ ಭಾಗಿಸಿದರೆ ಬರುವುದೇ ಶಕ್ತಿ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆತ್ತಿದರೆ ಅದು ಒಂದು ಅಶ್ವಶಕ್ತಿ, ಸುಮಾರು 735 ವ್ಯಾಟ್.

ಆರ್‌ಎಕ್ಸ್ 100 ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ. 1996ರಲ್ಲಿ ಅದರ ತಯಾರಿಕೆ ನಿಂತಿತು. ಅದರ ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರವೂ 50 ಮಿ.ಮೀ. ಗಣಿತದ ಪುಸ್ತಕದಲ್ಲಿರುವ ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿ, 98 ಘನ ಸೆಂಟಿಮೀಟರ್ ಬರುತ್ತದೆ. ಗಾಡಿಯ ಮೇಲೆ 100 ಎಂದು ಬರೆದದ್ದು ಇದನ್ನೇ. ಅದರ ಶಕ್ತಿ ನಿಮಿಷಕ್ಕೆ 7500 ಸುತ್ತಿನಲ್ಲಿ 11 ಅಶ್ವಶಕ್ತಿ.

ಎಂಜಿನ್ ತಿನ್ನುವುದು ಗಾಳಿಯನ್ನು

ಈ ಶಕ್ತಿ ಎಲ್ಲಿಂದ ಬಂತು? ಪೆಟ್ರೋಲಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ಮಾತ್ರ ಸಿಲಿಂಡರಿನಲ್ಲಿ ಹಿಡಿಸುವಷ್ಟೇ ತುಂಬಬೇಕು. ಅದಕ್ಕೇ ಎಂಜಿನ್ ಎಂದರೆ ಮೂಲತಃ ಗಾಳಿ ಸೇದುವ ಒಂದು ಪಂಪು.

98 ಘನ ಸೆಂಟಿಮೀಟರ್ ಗಾಳಿಯ ತೂಕ ಸುಮಾರು 0.12 ಗ್ರಾಂ. ಇದು ಎರಡು ಸ್ಟ್ರೋಕಿನ ಎಂಜಿನ್, ಆದ್ದರಿಂದ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 7500 ಎಂದರೆ ಸೆಕೆಂಡಿಗೆ 125 ಸಲ. ಸಿಲಿಂಡರು ಪ್ರತಿ ಸಲ ಪೂರ್ತಿ ತುಂಬಿತೆಂದು ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 15 ಗ್ರಾಂ ಗಾಳಿ ಒಳಗೆ ಹೋಗುತ್ತದೆ. ಅದಕ್ಕೆ ಒಂದು ಗ್ರಾಂ ಪೆಟ್ರೋಲ್. ಒಂದು ಗ್ರಾಂ ಪೆಟ್ರೋಲ್ ಉರಿದರೆ ಸುಮಾರು 44 ಕಿಲೋಜೂಲ್ ಊಷ್ಣ ಬರುತ್ತದೆ. ಅಂದರೆ ಒಳಗೆ ಹುಟ್ಟಿದ್ದು 44 ಕಿಲೋವ್ಯಾಟ್, ಹೆಚ್ಚು ಕಡಿಮೆ 60 ಅಶ್ವಶಕ್ತಿ. ಹೊರಗೆ ಸಿಕ್ಕಿದ್ದು 11. ಐದರಲ್ಲಿ ಒಂದು ಪಾಲೂ ಪೂರ್ತಿ ಇಲ್ಲ. ಮಿಕ್ಕದ್ದು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ, ಸಿಲಿಂಡರಿನ ರೆಕ್ಕೆಗಳಿಂದ ಶಾಖವಾಗಿ, ಉರಿಯದೆ ಉಳಿದ ಪೆಟ್ರೋಲಾಗಿ ಹೊರಟು ಹೋಗುತ್ತದೆ.

ಈ ಲೆಕ್ಕ ನೋಡಿ ಹುಡುಗನ ಕಣ್ಣು ಅರಳಿತು. "ಹಂಗಾರ ಇನ್ನೂ ಭಾಳ ತಗೀಬಹುದಲ್ರಿ ಸರ್?" ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಜಗತ್ತಿನ ಎಂಜಿನಿಯರುಗಳೆಲ್ಲ ಕೇಳಿಕೊಂಡು ಬಂದ ಪ್ರಶ್ನೆ ಅದೇ. ದಾರಿಗಳು ಮೂರು: ಸಿಲಿಂಡರನ್ನು ದೊಡ್ಡದು ಮಾಡುವುದು, ಒಂದೇ ನಿಮಿಷದಲ್ಲಿ ಹೆಚ್ಚು ಸಲ ತುಂಬಿ ಉರಿಸುವುದು, ತುಂಬಿದ್ದನ್ನು ಇನ್ನಷ್ಟು ಒತ್ತಿ ಉರಿಸುವುದು. ಒಂದೊಂದನ್ನೂ ನೋಡೋಣ.

ಮೂರು ದಾರಿ, ಮೂರು ಬೆಲೆ

ಮೊದಲನೆಯದು ಬೋರ್. ಸಿಲಿಂಡರು ಸವೆದಾಗ ಲೇಥಿನ ಅಂಗಡಿಯವರು ಅದನ್ನು ಕಾಲು ಮಿಲಿಮೀಟರಿನ ಹಂತದಲ್ಲಿ ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಪೂರ್ತಿ ಒಂದು ಮಿಲಿಮೀಟರ್ ಕೊರೆದು ವ್ಯಾಸವನ್ನು 51 ಮಾಡಿದರೂ ಘನಫಲ 98ರಿಂದ 102ಕ್ಕೆ ಏರುತ್ತದೆ, ನೂರಕ್ಕೆ ನಾಲ್ಕು ಮಾತ್ರ. 11 ಇದ್ದದ್ದು ಹನ್ನೊಂದೂವರೆಯನ್ನೂ ಮುಟ್ಟುವುದಿಲ್ಲ. ರೀಬೋರ್ ಮಾಡಿಸಿದ ಮೇಲೆ ಗಾಡಿ ಚುರುಕಾಯಿತು ಎನ್ನುವವರು ಸುಳ್ಳು ಹೇಳುವುದಿಲ್ಲ. ಆದರೆ ಅವರಿಗೆ ಸಿಕ್ಕಿದ್ದು ಹೊಸ ಶಕ್ತಿಯಲ್ಲ. ಸವೆದ ಸಿಲಿಂಡರಿನಲ್ಲಿ ಸೋರಿ ಹೋಗುತ್ತಿದ್ದ ಹಳೆಯ ಶಕ್ತಿಯೇ ಮರಳಿ ಬಂದಿದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಪೋರ್ಟ್ ಕೊರೆಯುವುದು. ಎರಡು ಸ್ಟ್ರೋಕಿನ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಅವುಗಳನ್ನು ಮುಚ್ಚಿ ತೆರೆದು ಬಾಗಿಲಿನ ಕೆಲಸ ಮಾಡುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಮೇಲ್ಭಾಗದಲ್ಲಿ ತುಸು ಉಜ್ಜಿ ಎತ್ತರಿಸಿದರೆ ಅದು ಬೇಗ ತೆರೆಯುತ್ತದೆ, ಎಂಜಿನ್ ಹೆಚ್ಚಿನ ಸುತ್ತಿನಲ್ಲಿ ಸಲೀಸಾಗಿ ಉಸಿರಾಡುತ್ತದೆ. ಶಕ್ತಿ ನಿಜವಾಗಿಯೂ ಏರುತ್ತದೆ. ಆದರೆ ಕಡಿಮೆ ಸುತ್ತಿನಲ್ಲಿ ಅದೇ ಕಿಂಡಿಯಿಂದ ತಾಜಾ ಪೆಟ್ರೋಲ್-ಗಾಳಿಯೂ ಓಡಿ ಹೋಗುತ್ತದೆ. ಹೊಲದ ಕೆಸರಿನಲ್ಲಿ, ಹಿಂದೆ ಮೇವಿನ ಹೊರೆ ಕಟ್ಟಿಕೊಂಡಾಗ ಬೇಕಾದ ಎಳೆತವೇ ಇಲ್ಲವಾಗುತ್ತದೆ.

ಇನ್ನೊಂದು ಮಾತು. ಪಿಸ್ಟನ್ ಮೇಲೆ ಹೋಗಿ ನಿಂತು ತಿರುಗಿ ಕೆಳಗೆ ಬರಬೇಕಲ್ಲ, ಆಗ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ಸುತ್ತಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 7500 ಸುತ್ತಿನ ಎಂಜಿನ್ನನ್ನು 9000ಕ್ಕೆ ಏರಿಸಿದರೆ ಸುತ್ತು ಹೆಚ್ಚಿದ್ದು ನೂರಕ್ಕೆ ಇಪ್ಪತ್ತು, ರಾಡಿನ ಮೇಲಿನ ಎಳೆತ ಹೆಚ್ಚಿದ್ದು ನೂರಕ್ಕೆ 44. ರಾಡು ಮಾತ್ರ ಮೂವತ್ತು ವರ್ಷ ದುಡಿದ ಅದೇ ಹಳೆಯ ರಾಡು.

ಮೂರನೆಯದು ಒತ್ತಡ. ಸಿಲಿಂಡರ್ ಹೆಡ್ಡನ್ನು ತುಸು ಉಜ್ಜಿಸಿದರೆ ಉರಿಯುವ ಜಾಗ ಕಿರಿದಾಗಿ ಮಿಶ್ರಣ ಹೆಚ್ಚು ಒತ್ತಲ್ಪಡುತ್ತದೆ, ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಮಿತಿ ಮೀರಿದರೆ ಕಿಡಿಯಿಂದ ಹೊತ್ತಿಕೊಂಡ ಉರಿ ಹರಡಿ ಬರುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಏರಿನಲ್ಲಿ 'ಟಣ್ ಟಣ್' ಎಂದು ಕೇಳುವ ಸದ್ದು ಅದೇ. ಅದು ಮುಂದುವರಿದರೆ ಅಲ್ಯೂಮಿನಿಯಂ ಪಿಸ್ಟನ್ನಿನ ನೆತ್ತಿ ಕರಗಿ ತೂತಾಗುತ್ತದೆ.

ಮೈಸೂರಿನ ಒಂದು ಉದಾಹರಣೆ

ಹಾಗಾದರೆ ಎಂಜಿನ್ನಿನ ಶಕ್ತಿ ಹೆಚ್ಚಿಸುವುದೇ ತಪ್ಪೇ? ಅಲ್ಲ. ನಮ್ಮ ರಾಜ್ಯದಲ್ಲೇ ಅದನ್ನು ಚೆನ್ನಾಗಿ ಮಾಡಿ ತೋರಿಸಿದವರಿದ್ದಾರೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಅಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭವಾಯಿತು. ಆಗಿನ ಜಾವಾ 250ರ ಶಕ್ತಿ ಸುಮಾರು 12 ಅಶ್ವಶಕ್ತಿ. ಮುಂದೆ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್‌ನ ಶಕ್ತಿ ಸುಮಾರು 16. ಸಿಲಿಂಡರಿನ ಅಳತೆ ಮಾತ್ರ ಬದಲಾಗಿರಲಿಲ್ಲ, ಆಗಲೂ ಈಗಲೂ ವ್ಯಾಸ 65 ಮಿ.ಮೀ., ಓಡಾಟ 75 ಮಿ.ಮೀ.

ಅದೇ ಗಾತ್ರದ ಸಿಲಿಂಡರಿನಿಂದ ಮೂರನೇ ಒಂದು ಪಾಲು ಹೆಚ್ಚು ಶಕ್ತಿ! ನಮ್ಮ ಹುಡುಗನಿಗೆ ಮೇಸ್ತ್ರಿ ಹೇಳಿದ್ದು ಇದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಆದರೆ ಕಾರ್ಖಾನೆ ಅದಕ್ಕೆ ತೆಗೆದುಕೊಂಡದ್ದು ಹದಿನೇಳು ವರ್ಷ. ಹೊಸ ಅಚ್ಚು, ಹೊಸ ಕಿಂಡಿಗಳ ವಿನ್ಯಾಸ, ಅದಕ್ಕೆ ಒಪ್ಪುವ ಇತರ ಭಾಗಗಳು, ಪರೀಕ್ಷೆಯ ಓಟ, ಇಷ್ಟೆಲ್ಲ ಆದ ಮೇಲೆ ಗಾಡಿ ರಸ್ತೆಗೆ ಬಂತು. ಆ ಕಾರ್ಖಾನೆಯೂ 1996ರಲ್ಲಿ ಮುಚ್ಚಿತು. ಆದರೂ ಅದರ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ಓಡುತ್ತಿವೆ.

ಸದ್ದು ಶಕ್ತಿಯಲ್ಲ

ಇನ್ನು ಸೈಲೆನ್ಸರಿನ ಮಾತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸೈಲೆನ್ಸರ್ ಸದ್ದಡಗಿಸುವ ಡಬ್ಬಿ ಮಾತ್ರವಲ್ಲ, ಅದು ಎಂಜಿನ್ನಿನ ಒಂದು ಅಂಗ. ಕಿಂಡಿ ತೆರೆದಾಗ ಹೊಗೆಯ ಜೊತೆ ಒತ್ತಡದ ಒಂದು ಅಲೆ ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುತ್ತಾ ಹೋದ ಕಡೆ ಆ ಅಲೆಯ ಒಂದು ಭಾಗ ಹೀರುವ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ಹಾಕುತ್ತದೆ. ಮುಂದೆ ಕೊಳವೆ ಕಿರಿದಾದ ಕಡೆ ತಾಗಿದ ಅಲೆ ನೂಕುವ ಅಲೆಯಾಗಿ ಹಿಂದಿರುಗಿ, ಹೊರಗೆ ಜಾರಿದ ತಾಜಾ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲು ಒಳಗೆ ತಳ್ಳುತ್ತದೆ. ಬಾವಿಯೊಳಗೆ ಕೂಗಿದರೆ ದನಿ ಮರಳಿ ಬರುತ್ತದಲ್ಲ, ಅಂಥ ಮಾರ್ದನಿಯನ್ನು ಕೆಲಸಕ್ಕೆ ಹಚ್ಚಿದ ಹಾಗೆ.

ಈ ವಿದ್ಯೆಯನ್ನು ಎತ್ತರಕ್ಕೆ ಒಯ್ದವನು ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್. 1961ರ ಹೊತ್ತಿಗೆ ಅವನ 125 ಸಿ.ಸಿ. ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವನ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಮರಳಿ ಪೂರ್ವ ಜರ್ಮನಿಗೆ ಹೋಗಲಿಲ್ಲ. ಆ ವಿದ್ಯೆಯನ್ನು ತಲೆಯಲ್ಲಿಟ್ಟುಕೊಂಡು ಜಪಾನಿನ ಸುಝುಕಿ ಕಂಪನಿಯನ್ನು ಸೇರಿದ. 1962ರಲ್ಲಿ ಸುಝುಕಿಯ ಮೇಲೆ ಕುಳಿತು 50 ಸಿ.ಸಿ. ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದ. ಒಂದು ತಗಡಿನ ಕೊಳವೆಯ ಅಳತೆಗೆ ಅಷ್ಟು ಬೆಲೆ!

ಕಾಡೆನ್ನನ ಕೊಳವೆಯ ಅಳತೆ ಅವನ ಎಂಜಿನ್ನಿಗೆ, ಅದೂ ಸುತ್ತಿನ ಒಂದು ಕಿರಿದಾದ ಮಿತಿಯೊಳಗೆ ಮಾತ್ರ ಒಪ್ಪುತ್ತಿತ್ತು. ನಮ್ಮ ಹುಡುಗರು ಮಾಡುವುದೇನು? ಒಳಗಿನ ಬ್ಯಾಫಲ್ ಕಿತ್ತೆಸೆಯುತ್ತಾರೆ, ಇಲ್ಲವೇ ಅಂಗಡಿಯಲ್ಲಿ ಸಿಕ್ಕ ಯಾವುದೋ ಕೊಳವೆ ಹಾಕುತ್ತಾರೆ. ಅಲೆಯ ಲೆಕ್ಕ ತಪ್ಪುತ್ತದೆ, ಉರಿಯದ ಪೆಟ್ರೋಲ್ ಹೊರಗೆ ಹೋಗುತ್ತದೆ, ಸದ್ದು ಮಾತ್ರ ಮೂರು ಓಣಿಗೆ ಕೇಳಿಸುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಎಂಜಿನ್ನಿಗೂ ಸಲ್ಲುತ್ತದೆ.

ನನ್ನದೇ ಒಂದು ಕಥೆ

ಇಷ್ಟು ಬುದ್ಧಿ ನನಗೆ ಮೊದಲಿನಿಂದ ಇತ್ತೆಂದು ತಿಳಿಯಬೇಡಿ. ಕೆಲಸ ಸಿಕ್ಕ ಹೊಸದರಲ್ಲಿ, 1995ರಲ್ಲಿ, ನಾನೊಂದು ಹಳೆಯ ಯೆಜ್ಡಿ ಕೊಂಡೆ. ಬಿ.ಎಸ್ಸಿ., ಬಿ.ಎಡ್. ಎರಡೂ ಆಗಿತ್ತು. ತಲೆಯಲ್ಲಿ ವಿದ್ಯೆ ಇತ್ತು, ವಿವೇಕ ಇರಲಿಲ್ಲ. ಸದ್ದು ಚೆನ್ನಾಗಿರಲೆಂದು ಸೈಲೆನ್ಸರಿನ ಒಳಗಿದ್ದುದನ್ನು ನಾನೇ ಕಿತ್ತೆ. ಪೆಟ್ರೋಲ್ ಹೆಚ್ಚು ಕುಡಿಯತೊಡಗಿತು. ಅದನ್ನು ಉಳಿಸಲೆಂದು ಕಾರ್ಬ್ಯುರೇಟರಿಗೆ ಚಿಕ್ಕ ಜೆಟ್ ಹಾಕಿದೆ. ಎರಡು ದಿನ ಗಾಡಿ ಬಲು ಹಗುರಾಗಿ ಓಡಿತು.

ಮೂರನೆಯ ದಿನ ಮಧ್ಯಾಹ್ನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಜಮಖಂಡಿ ರಸ್ತೆಯಲ್ಲಿ ಹೊರಟಿದ್ದೆ. ಏಪ್ರಿಲ್ ತಿಂಗಳ ಬಿಸಿಲು. ಇದ್ದಕ್ಕಿದ್ದಂತೆ ಎಂಜಿನ್ನಿನ ದನಿ ಕುಗ್ಗಿತು, ಮರುಕ್ಷಣ ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಇಬ್ಬರೂ ರಸ್ತೆಯ ಮೇಲೆ ಬಿದ್ದೆವು. ನನಗೆ ಮೊಣಕಾಲಿನ ಚರ್ಮ ಹೋಯಿತು. ತಮ್ಮನ ಬಲ ಮಣಿಕಟ್ಟು ಮುರಿಯಿತು. ಹಿಂದೆ ಯಾವ ವಾಹನವೂ ಬರುತ್ತಿರಲಿಲ್ಲ ಎಂಬುದೊಂದೇ ನಮ್ಮ ಪುಣ್ಯ.

ಆದದ್ದು ಇಷ್ಟು. ಜೆಟ್ ಚಿಕ್ಕದಾದಾಗ ಪೆಟ್ರೋಲಿನ ಜೊತೆಗೆ ಬೆರೆತ ಎಣ್ಣೆಯೂ ಕಡಿಮೆಯಾಯಿತು. ಒಳಗೆ ಆವಿಯಾಗಿ ತಂಪು ಮಾಡುವ ಪೆಟ್ರೋಲೂ ಕಡಿಮೆಯಾಯಿತು. ಪಿಸ್ಟನ್ ಕಾದು ಹಿಗ್ಗಿತು. ಅಲ್ಯೂಮಿನಿಯಂ ಪಿಸ್ಟನ್ ಬೀಡು ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗುತ್ತದೆ ಎಂಬುದನ್ನು ನಾನು ಆ ವರ್ಷವೇ ಮಕ್ಕಳಿಗೆ ಪಾಠ ಮಾಡಿದ್ದೆ! ತಮ್ಮನ ಮಣಿಕಟ್ಟು ಇಂದಿಗೂ ಚಳಿಗಾಲದಲ್ಲಿ ನೋಯುತ್ತದೆ. ಅವನು ಒಂದು ದಿನವೂ ಬಾಯಿಬಿಟ್ಟು ಅಂದಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಹಳೆಯ ಗಾಡಿಯವರು ಈಗ ಇನ್ನೊಂದು ವಿಷಯ ತಿಳಿದಿರಬೇಕು. 2025ರಿಂದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್ ಇದೆ. ನಮ್ಮ ಕಬ್ಬಿನಿಂದಲೂ ಆಗುವ ಪದಾರ್ಥ, ಅದರ ಬಗ್ಗೆ ನಮಗೆ ಸಂತೋಷವೇ. ಆದರೆ ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿರುತ್ತದೆ, ಉರಿಯಲು ಅದಕ್ಕೆ ಪೆಟ್ರೋಲಿನಷ್ಟು ಗಾಳಿ ಬೇಡ. ಆದ್ದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತಾನಾಗಿಯೇ ತುಸು ತೆಳುವಾಗುತ್ತದೆ. ಅದರ ಮೇಲೆ ಜೆಟ್ಟನ್ನೂ ಚಿಕ್ಕದು ಮಾಡಿದರೆ ನನ್ನ ಕಥೆಯೇ ನಿಮ್ಮದೂ ಆದೀತು. ಹಳೆಯ ರಬ್ಬರ್ ಪೈಪು, ವಾಷರುಗಳು ಎಥನಾಲಿಗೆ ಮೆತ್ತಗಾಗಿ ಸೋರುವುದೂ ಉಂಟು, ಆಗಾಗ ನೋಡುತ್ತಿರಿ.

ಐದು ಅಶ್ವಶಕ್ತಿಗೆ ಎಷ್ಟು ವೇಗ?

ಮೇಸ್ತ್ರಿಯ ಮಾತು ನಿಜವೆಂದೇ ಇಟ್ಟುಕೊಳ್ಳೋಣ, 11 ಇದ್ದದ್ದು 16 ಆಯಿತು. ಸಿಗುವುದೇನು?

ವೇಗವಾಗಿ ಹೋಗುವ ಗಾಡಿಯ ದೊಡ್ಡ ಶತ್ರು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ಸವಾರ ನೆಟ್ಟಗೆ ಕುಳಿತ ಸಣ್ಣ ಗಾಡಿಗೆ ಗಂಟೆಗೆ 60 ಕಿ.ಮೀ. ಹೋಗಲು ಸುಮಾರು ಮೂರು ಅಶ್ವಶಕ್ತಿ ಸಾಕು. 100ರಲ್ಲಿ ಹೋಗಲು ಹನ್ನೊಂದರ ಆಸುಪಾಸು ಬೇಕು. ಹನ್ನೊಂದನ್ನು ಹದಿನಾರು ಮಾಡಿದರೆ ಘನಮೂಲದ ಲೆಕ್ಕದಂತೆ ವೇಗ ಸುಮಾರು 113. ಹದಿನೈದು ಸಾವಿರ ರೂಪಾಯಿಗೆ ಹದಿಮೂರು ಕಿಲೋಮೀಟರ್!

ಈಗ ನಿಲ್ಲಿಸುವ ಲೆಕ್ಕ. ಬ್ರೇಕ್ ಹಿಡಿದ ಮೇಲೆ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ಇಳಿಯುತ್ತದೆ ಎಂದುಕೊಳ್ಳೋಣ. ಕಣ್ಣು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು. ಆಗ 60ರಲ್ಲಿದ್ದ ಗಾಡಿ ನಿಲ್ಲಲು ಸುಮಾರು 45 ಮೀಟರ್ ಬೇಕು. 100ರಲ್ಲಿದ್ದದ್ದಕ್ಕೆ 105 ಮೀಟರ್. 113ರಲ್ಲಿದ್ದದ್ದಕ್ಕೆ 130 ಮೀಟರ್. ಆರ್‌ಎಕ್ಸ್ 100ಕ್ಕೆ ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕು. ಮೇಸ್ತ್ರಿ ಎಂಜಿನ್ನಿನ ಬಗ್ಗೆ ಅರ್ಧ ತಾಸು ಮಾತಾಡಿದನಂತೆ, ಬ್ರೇಕಿನ ಹೆಸರು ಒಮ್ಮೆಯೂ ಬರಲಿಲ್ಲವಂತೆ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆಂದು ನಿಮಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಯ ಕಡೆ ಸಾಗುತ್ತವೆ. ಕೆಲವಕ್ಕೆ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಹಳೆಯ ಗಾಡಿಯ ದೀಪದಲ್ಲಿ ಐವತ್ತು ಮೀಟರ್ ಕಂಡರೆ ಹೆಚ್ಚು. ಐವತ್ತು ಮೀಟರ್ ಕಾಣುವ ಕಣ್ಣು, ನಿಲ್ಲಲು ಬೇಕಾದದ್ದು ನೂರಮೂವತ್ತು ಮೀಟರ್. ಮಿಕ್ಕ ಎಂಬತ್ತು ಮೀಟರ್ ಎಲ್ಲಿಂದ ತರುವುದು?

ಹುಡುಗ ಕಾಗದದ ಮೇಲಿನ ಆ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡಿದ. ನಾನೂ ಸುಮ್ಮನಿದ್ದೆ.

ಪಾಲಕರಿಗೆ ಎರಡು ಮಾತು

ಕಾರ್ಖಾನೆ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ತಿದ್ದುಪಡಿಯ ಪ್ರಕಾರ ಹಾಗೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಗೇರ್ ಇರುವ ಮೋಟಾರ್ ಸೈಕಲ್ ಓಡಿಸಲು ಹದಿನೆಂಟು ತುಂಬಿರಬೇಕು. ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಅಪರಾಧವಾದರೆ ಅದೇ ತಿದ್ದುಪಡಿಯಂತೆ ತಂದೆಗೆ ಅಥವಾ ಗಾಡಿಯ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನನ್ನ ಮುಂದೆ ಕುಳಿತ ಹುಡುಗನಿಗೆ ಆಗ ಹದಿನೇಳು. ನಮ್ಮ ಮನೆಯವರೆಗೆ ಗಾಡಿ ಓಡಿಸಿಕೊಂಡು ಬಂದದ್ದೇ ತಪ್ಪು ಎಂದು ಹೇಳಿ, ಅವನ ತಂದೆಗೆ ಫೋನ್ ಮಾಡಿ ಕರೆಸಿದೆ.

ಕಳೆದುಹೋದ ಅಶ್ವಗಳು

ತಂದೆ ಬಂದರು. "ಏನ್ ಮಾಡೂದ್ರಿ ಮಾಸ್ತರ, ಇವನ ತಲ್ಯಾಗ ಒಂದ್ ಸವನ ಅದ ಐತಿ," ಎಂದರು. ನಾನು ಹೇಳಿದೆ, "ಅವನ ಆಸೆ ತಪ್ಪಲ್ಲ. ಆದರೆ ಈ ಗಾಡಿಯಲ್ಲಿ ಈಗ ಹನ್ನೊಂದು ಅಶ್ವಶಕ್ತಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡೋಣ. ಇದ್ದದ್ದನ್ನೇ ಕಳೆದುಕೊಂಡಿದ್ದರೆ ಹುಡುಕಿ ತರೋಣ."

ಮೂವರೂ ಸೇರಿ ಊರಿನ ಒಬ್ಬ ಹಿರಿಯ ಮೇಸ್ತ್ರಿಯ ಗ್ಯಾರೇಜಿಗೆ ಹೋದೆವು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಬ್ರೇಕು ಸದಾ ಉಜ್ಜುತ್ತಿತ್ತು, ಒಂದಿಷ್ಟು ಶಕ್ತಿ ಅಲ್ಲೇ ಶಾಖವಾಗಿ ಹೋಗುತ್ತಿತ್ತು. ಚೈನು ಒಣಗಿತ್ತು. ಟೈರಿನಲ್ಲಿ ಇರಬೇಕಾದಷ್ಟು ಗಾಳಿ ಇರಲಿಲ್ಲ. ಏರ್ ಫಿಲ್ಟರ್ ತೆಗೆದರೆ ಹೊಲದ ಕೆಂಪು ಧೂಳು ಮೆತ್ತಿಕೊಂಡಿತ್ತು. ಗಾಳಿ ಸೇದುವ ಪಂಪಿನ ಮೂಗೇ ಕಟ್ಟಿತ್ತು ಎನ್ನಿ. ಹೆಡ್ ಬಿಚ್ಚಿದಾಗ ಹೊಗೆ ಹೋಗುವ ಕಿಂಡಿಯ ಸುತ್ತ ಮಸಿ ಗಟ್ಟಿಯಾಗಿ ಕೂತು ದಾರಿ ಕಿರಿದಾಗಿತ್ತು. ಸೈಲೆನ್ಸರಿನ ಒಳಗೂ ಅದೇ ಮಸಿ. ಕ್ಲಚ್ ಪ್ಲೇಟುಗಳು ಸವೆದು ಜಾರುತ್ತಿದ್ದವು, ಎಂಜಿನ್ ತಿರುಗಿದಷ್ಟು ಚಕ್ರ ತಿರುಗುತ್ತಿರಲಿಲ್ಲ.

ಹುಡುಗನೇ ಕೂತು ಮಸಿ ಕೆರೆದ. ಬೆರಳೆಲ್ಲ ಕಪ್ಪು, ಮುಖದಲ್ಲಿ ಖುಷಿ. ಹೊಸ ರಿಂಗು, ಕ್ಲಚ್ ಪ್ಲೇಟು, ಫಿಲ್ಟರು, ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಶೂ, ಮುಂದೆ ಹೊಸ ಟೈರು, ಎರಡು ಹೆಲ್ಮೆಟ್ಟು. ಇಷ್ಟಾದರೂ ಹದಿನೈದು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಸಂಜೆ ತಂದೆ ಗಾಡಿ ಓಡಿಸಿ ನೋಡಿ ಬಂದರು. "ಮಾಸ್ತರ, ಇದು ನಮ್ಮ ಗಾಡೀನ ಹೌದೇನ್ರಿ?" ಎಂದು ನಕ್ಕರು.

ಬಂಡಿಗೆ ಇನ್ನೊಂದು ಜೋಡಿ ಎತ್ತು ಕಟ್ಟುವುದು ಕಷ್ಟವಲ್ಲ. ಆದರೆ ನೊಗ, ಮೂಕಿ, ಅಚ್ಚು, ಗಾಲಿ, ಕೊನೆಗೆ ಹಗ್ಗ ಹಿಡಿದವನ ಕೈ, ಎಲ್ಲವೂ ಆ ಎಳೆತವನ್ನು ತಾಳಬೇಕು. ಒಂದನ್ನು ಮಾತ್ರ ಹೆಚ್ಚಿಸಿದರೆ ಮುರಿಯುವುದು ಇನ್ನೊಂದು. ಎಂಜಿನ್ನಿನ ಹುಚ್ಚು ನಿಜವಾಗಿಯೂ ಹಿಡಿದಿದ್ದರೆ ಅದಕ್ಕೂ ದಾರಿಯಿದೆ. ಐ.ಟಿ.ಐ. ಇದೆ, ಡಿಪ್ಲೊಮಾ ಇದೆ, ಎಂಜಿನಿಯರಿಂಗ್ ಇದೆ. ವೇಗದ ಹುಚ್ಚಿದ್ದರೆ ರೇಸಿನ ಟ್ರ್ಯಾಕ್ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಅದು ಊರ ಓಣಿಯಲ್ಲಿ ಗಾಡಿ ಗುಡುಗಿಸಿ ಗಳಿಸಿದ್ದಲ್ಲ.

ನಮ್ಮ ಹುಡುಗನಿಗೆ ಬರುವ ಜೂನ್‌ನಲ್ಲಿ ಹದಿನೆಂಟು ತುಂಬುತ್ತದೆ. ಅಲ್ಲಿಯವರೆಗೆ ತಂದೆಯ ಹಿಂದೆ ಕೂರುತ್ತಾನೆ. ರವಿವಾರ ಆ ಹಿರಿಯ ಮೇಸ್ತ್ರಿಯ ಗ್ಯಾರೇಜಿನಲ್ಲಿ ಅವನನ್ನು ಕಾಣಬಹುದು.

ಮಾಡಿ ನೋಡಿ: ನಿಮ್ಮ ಅಶ್ವಶಕ್ತಿ ಎಷ್ಟು? ಶಾಲೆಯ ಮೆಟ್ಟಿಲುಗಳ ಒಟ್ಟು ಎತ್ತರವನ್ನು ಮೀಟರಿನಲ್ಲಿ ಅಳೆಯಿರಿ. ಕೆಳಗಿನಿಂದ ಮೇಲಕ್ಕೆ ಬೇಗ ಹತ್ತಿ, ಗೆಳೆಯನಿಗೆ ಗಡಿಯಾರ ನೋಡಲು ಹೇಳಿ. ನಿಮ್ಮ ತೂಕವನ್ನು 9.8ರಿಂದ, ನಂತರ ಎತ್ತರದಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿ. 50 ಕಿಲೋ ತೂಕದವರು 3 ಮೀಟರನ್ನು 4 ಸೆಕೆಂಡಿನಲ್ಲಿ ಹತ್ತಿದರೆ ಸುಮಾರು 367 ವ್ಯಾಟ್, ಅಂದರೆ ಅರ್ಧ ಅಶ್ವಶಕ್ತಿ. ಆ ಅರ್ಧಕ್ಕೇ ಏದುಸಿರು ಬಂದಿರುತ್ತದೆ. ಹನ್ನೊಂದು ಸಣ್ಣ ಸಂಖ್ಯೆಯಲ್ಲ ಎಂಬುದು ಆಗ ತಿಳಿಯುತ್ತದೆ.